ಎರಡು ಮೂಗಿನ ರಾಜ

ಮನೆಯಲ್ಲಿದ್ದದ್ದು ಒಂದೇ ಮೇಜು. ಅದರ ನಟ್ಟನಡುವೆ ಸೀಮೆಸುಣ್ಣದ ಗೆರೆ. ಗೆರೆಯ ಆಚೆ ಹೆಂಡತಿಯ ಹೊಲಿಗೆ ಮೆಷಿನ್ನು, ಕತ್ತರಿ, ಪರದೆಬಟ್ಟೆಯ ಥಾನುಗಳು. ಈಚೆ ಗಂಡನ ಹಳೆಯ ಬ್ರಿಟಿಷ್ ನಾಣ್ಯಗಳು. ಊಟ ತೊಡೆಯ ಮೇಲೆ ನಡೆಯುತ್ತಿತ್ತು.

ಗಂಡ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ಇಪ್ಪತ್ತೆಂಟು ವರ್ಷ ಊರವರ ತಪ್ಪು ಹುಡುಕಿ ಸಂಬಳ ಪಡೆದವರು. (ಮನೆಯಲ್ಲಿ ಅದೇ ಕೆಲಸವನ್ನು ಹೆಂಡತಿ ಸಂಬಳವಿಲ್ಲದೆ ಮಾಡುತ್ತಿದ್ದಳು.) ಮದುವೆಯ ಕರೆಯೋಲೆ ಬಂದರೆ ಮೊದಲು ಕೆಂಪು ಪೆನ್ನು ಹುಡುಕಿ, ಆಮೇಲೆ ಯಾರ ಮದುವೆ ಎಂದು ನೋಡುವ ಪೈಕಿ. ಪ್ರೆಸ್ಸಿನವರು ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಆ ಹೆಸರಿನಲ್ಲಿ ತಪ್ಪಿಲ್ಲವೆಂದು ಅವರೂ ಒಪ್ಪಿಕೊಂಡಿದ್ದರು.

ಇಂಥವರು ನಾಣ್ಯ ಕೂಡಿಡಲು ಹೊರಟರೆ ಏನಾಗಬೇಕೋ ಅದೇ ಆಯಿತು. ತುರುಬಿನ ವಿಕ್ಟೋರಿಯಾ, ಮುಸುಕಿನ ವಿಕ್ಟೋರಿಯಾ, ಗಡ್ಡದ ರಾಜರು, ಗಡ್ಡವಿಲ್ಲದ ರಾಜರು ಎಲ್ಲರೂ ಅವರೆದುರು ಪರೀಕ್ಷೆಗೆ ನಿಲ್ಲಬೇಕು. ಪೆನ್ನಿಯಾಗಲಿ, ಶಿಲ್ಲಿಂಗಾಗಲಿ, ದಾಕ್ಷಿಣ್ಯವಿಲ್ಲ. ಅಂಚು ಸವೆದಿದ್ದರೆ ಫೇಲು, ಅಚ್ಚು ಓರೆಯಾಗಿದ್ದರೆ ಫೇಲು. ಪಾಸಾದವು ಆಲ್ಬಮ್ಮಿಗೆ. ಫೇಲಾದವು ಒಂದು ಹಳೆಯ ಪೌಡರ್ ಡಬ್ಬಿಗೆ. ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ದುಂಡಗೆ ಬರೆದಿದ್ದರು.

ಆ ಡಬ್ಬಿ ಗೆರೆ ದಾಟಿ ಹೆಂಡತಿಯ ಕಡೆ ಹೋಗಿ ನೆಲೆಸಿತು. ಪರದೆ ನೆಟ್ಟಗೆ ಇಳಿಬೀಳಬೇಕಾದರೆ ಕೆಳಗಿನ ಮಡಿಕೆಯೊಳಗೆ ಏನಾದರೂ ಭಾರ ಇಟ್ಟು ಹೊಲಿಯಬೇಕು. ಅದಕ್ಕೆ ಹಳೆಯ ಪೆನ್ನಿಗಿಂತ ಒಳ್ಳೆಯ ವಸ್ತು ಇಲ್ಲ. ಹೀಗಾಗಿ ಹಲ್ಲಿನ ಡಾಕ್ಟರ ಕಿಟಕಿಯಲ್ಲೂ ವಕೀಲರ ಕಿಟಕಿಯಲ್ಲೂ ಹತ್ತಾರು ರಾಜರು ತಲೆಕೆಳಗಾಗಿ ತೂಗುತ್ತಿದ್ದರು.

ಒಂದು ಭಾನುವಾರ ಭೂತಗನ್ನಡಿಯವರ ಕೈಗೆ ಗಡ್ಡದ ರಾಜನ ಪೆನ್ನಿಯೊಂದು ಬಂತು. ಅಚ್ಚು ಎರಡು ಸಲ, ಸ್ವಲ್ಪ ಸರಿದು ಬಿದ್ದಿತ್ತು. ರಾಜನಿಗೆ ಒಂದರ ಹಿಂದೊಂದು, ಎರಡು ಮೂಗು.

“ಥೂ! ಆ ಟಂಕಸಾಲೇಲಿ ಪ್ರೂಫ್ ನೋಡೋರೇ ಇರ್ಲಿಲ್ವಾ?” ಎಂದು ಅದನ್ನು ಡಬ್ಬಿಗೆ ಎಸೆದರು.

ಹೆಂಡತಿ ಎತ್ತಿ ನೋಡಿದಳು. “ಮುದ್ದಾಗಿದಾನಲ್ರೀ! ನೆಗಡಿ ಬಂದ್ರೆ ಮಾತ್ರ ಪಾಪ, ಕಷ್ಟ.”

“ನಗ್ಬೇಡ. ಉಳಿದ ರಾಜರಿಗೆ ಅವಮಾನ. ಯಾವ್ದಾದ್ರೂ ಪರದೆಗೆ ಹೊಲ್ದು ಕಣ್ಮರೆ ಮಾಡು.”

ಅದೇ ವಾರ ಮೇಜಿನ ಜಗಳ ಎದ್ದಿತು. “ರೀ, ದೊಡ್ಡ ಆರ್ಡರ್ ಬರೋ ಹಾಗಿದೆ. ನಂಗೆ ಮೇಜು ಪೂರ್ತಿ ಬೇಕು. ನಿಮ್ಮ ರಾಜಮನೆತನಾನ ಮಂಚದ ಕೆಳಗೆ ಕಳ್ಸಿ.”

ಭೂತಗನ್ನಡಿಯವರು ಆಲ್ಬಮ್ಮನ್ನು ಎದೆಗವಚಿಕೊಂಡರು. ಆ ಅರ್ಧ ಮೇಜು ಅವರ ಪ್ರಾಣ. ಪ್ರೆಸ್ಸಿನಲ್ಲಿ ಮಾಲೀಕರ ಕೂಗು, ಬಸ್ಸಿನಲ್ಲಿ ಕಂಡಕ್ಟರನ ಕೂಗು. ಕಿಟಕಿಯ ಬೆಳಕು ಬೀಳುವ ಆ ಎರಡಡಿ ಜಾಗದಲ್ಲಿ ಮಾತ್ರ ಅವರೇ ದೊರೆ.

“ಇವುಗಳ ಬೆಲೆ ಗೊತ್ತೇನೇ ನಿಂಗೆ? ಹರಾಜಿಗಿಟ್ರೆ ನಿನ್ನ ಮೆಷಿನ್ನಿನಂಥವು ನಾಲ್ಕು ಬರ್ತವೆ!”

“ನಾಲ್ಕು ಬೇಡ. ಒಂದರ ದುಡ್ಡು ಬರ್ಲಿ ಸಾಕು, ಮೇಜು ಪೂರ್ತಿ ನಿಮ್ದೇ. ನಾನು ನೆಲದ ಮೇಲೆ ಕೂತು ಹೊಲೀತೀನಿ. ಬರ್ಲಿಲ್ವೋ…”

“ಬಾಯಿಮಾತು ಬೇಡ. ಬರವಣಿಗೇಲಿ ಇರ್ಲಿ.”

ಭೂತಗನ್ನಡಿಯವರು ಎರಡು ಸಂಜೆ ಕೂತು ಕರಾರುಪತ್ರ ರಚಿಸಿದರು. ಮೂರು ಸಲ ಪ್ರೂಫ್ ನೋಡಿದರು. ಒಂದನೆಯ ಕಲಮು: ಆಲ್ಬಮ್ಮಿನಲ್ಲಿರುವ ನಾಣ್ಯಗಳು ಗಂಡನವು. ಎರಡನೆಯದು: ತಿರಸ್ಕೃತ ಡಬ್ಬಿಗೆ ಬಿದ್ದ ನಾಣ್ಯ, ಬಿದ್ದ ಕ್ಷಣದಿಂದ ಹೆಂಡತಿಯದು, ಅದರ ಮೇಲೆ ಗಂಡನು ಯಾವ ಕಾಲಕ್ಕೂ ಹಕ್ಕು ಸಾಧಿಸತಕ್ಕದ್ದಲ್ಲ. (ಇದು ಅವರ ಔದಾರ್ಯ.) ಮೂರನೆಯದು: ಊರಿನ ಹರಾಜು ಕಂಪನಿಯ ಬರುವ ಹರಾಜಿನಲ್ಲಿ ಉಭಯರ ಪೈಕಿ ಯಾರ ನಾಣ್ಯವು ಒಂದು ಹೊಲಿಗೆ ಮೆಷಿನ್ನಿನ ಬೆಲೆ ತರುವುದೋ, ಮೇಜು ಸಂಪೂರ್ಣವಾಗಿ ಅವರದು. ಯಾರದೂ ತರದಿದ್ದರೆ ಗೆರೆ ಯಥಾಸ್ಥಿತಿ.

“ಉಭಯರ ಪೈಕಿ ಅಂತ ಯಾಕ್ರೀ? ಹರಾಜಿಗೆ ಹೋಗ್ತಿರೋದು ನಿಮ್ಮ ನಾಣ್ಯ ತಾನೇ?”

“ಕರಾರು ಅಂದ್ಮೇಲೆ ಎರಡೂ ಕಡೆ ಸಮ ಇರ್ಬೇಕು. ಇಲ್ದಿದ್ರೆ ವಾಕ್ಯ ಕುಂಟುತ್ತೆ.”

ವಾಕ್ಯ ಕುಂಟದಂತೆ ಇಬ್ಬರೂ ಸಹಿ ಹಾಕಿದರು.

ದೊಡ್ಡ ಆರ್ಡರ್ ಬಂದದ್ದು ಹರಾಜು ಕಂಪನಿಯಿಂದಲೇ. ಅವರ ಸಭಾಂಗಣಕ್ಕೆ ಇಪ್ಪತ್ತೆರಡು ಪರದೆ. ಹೆಂಡತಿ ದಿನವೂ ಬಟ್ಟೆ, ಡಬ್ಬಿ ಹೊತ್ತು ಅಲ್ಲಿಗೆ ಹೋಗಿ ಅಳತೆ ನೋಡಿ, ಕೆಳಗಿನ ಮಡಿಕೆ ಹೊಲಿದು ಬರುತ್ತಿದ್ದಳು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. “ರೀ, ಇಲ್ಕೇಳಿ, ಆ ಎರಡು ಮೂಗಿನವನು ಇದಾನಲ್ಲ…”

“ತಿರಸ್ಕೃತ ಮಾಲಿನ ಮಾತು ನನ್ನ ಮುಂದೆ ಬೇಡ” ಎಂದರು ಭೂತಗನ್ನಡಿಯವರು, ತುರುಬಿನ ವಿಕ್ಟೋರಿಯಾಳಿಂದ ಕಣ್ಣು ತೆಗೆಯದೆ.

“ಬೇಡ್ವಾ? ಸರಿ ಬಿಡಿ.”

ಹರಾಜಿನ ದಿನ ಇಬ್ಬರೂ ಹೋದರು. ಭೂತಗನ್ನಡಿಯವರು ಇಸ್ತ್ರಿ ಮಾಡಿದ ಷರ್ಟಿನಲ್ಲಿ ಕೊನೆಯ ಸಾಲಿನಲ್ಲಿ ಕೂತು, ಅಚ್ಚಾದ ಪಟ್ಟಿಯಲ್ಲಿ ಹನ್ನೊಂದು ಮುದ್ರಣದೋಷ ಕಂಡುಹಿಡಿದರು. ‘ದೋಷಯುಕ್ತ ಅಚ್ಚುಗಳು’ ಎಂಬ ಪುಟವನ್ನು ಓದದೆಯೇ ಮಗುಚಿದರು.

ಅವರ ಆಲ್ಬಮ್ ಹನ್ನೆರಡನೆಯ ಮಾಲು. ಎರಡು ಕೈ ಎದ್ದವು, ಒಂದು ಕೆಮ್ಮು ಕೇಳಿತು, ಅಷ್ಟೇ. ಕನಿಷ್ಠ ಬೆಲೆಯೂ ಮುಟ್ಟದೆ ಆಲ್ಬಮ್ ವಾಪಸು ತೊಡೆಗೆ ಬಂದು ಕೂತಿತು.

ಕಂಪನಿಯಲ್ಲಿ ನಾಣ್ಯಗಳಿಗೆ ಬೆಲೆ ಕಟ್ಟುವ ಮುದುಕರೊಬ್ಬರು ಹತ್ತಿರ ಬಂದು ಸಮಾಧಾನ ಹೇಳಿದರು. “ಬಹಳ ಶುದ್ಧವಾದ ಸಂಗ್ರಹ ಸಾರ್. ಅದೇ ತೊಂದ್ರೆ. ಸರಿಯಾದದ್ದನ್ನ ಆಗ ಲಕ್ಷಗಟ್ಟಲೆ ಅಚ್ಚು ಹಾಕಿದ್ರು, ಎಲ್ಲರ ಹತ್ರಾನೂ ಇದೆ. ತಪ್ಪಾಗಿ ಬಿದ್ದದ್ದು ಏನಾದ್ರೂ ಇದ್ರೆ ತನ್ನಿ, ನೋಡೋಣ.”

ಭೂತಗನ್ನಡಿಯವರಿಗೆ ಇದು ಅರ್ಥವಾಗಲಿಲ್ಲ. ಮೆಷಿನ್ನಿನ ಬೆಲೆ ಬರದಿದ್ದರೇನು, ಗೆರೆ ಯಥಾಸ್ಥಿತಿ, ಅರ್ಧ ಮೇಜು ಉಳಿಯಿತು ಎಂದು ಉಸಿರು ಬಿಟ್ಟರು. ಅಷ್ಟರಲ್ಲಿ ಹರಾಜುದಾರ ನಲವತ್ತೊಂದನೆಯ ಮಾಲು ಕೂಗಿದ.

“ಗಡ್ಡದ ರಾಜನ ಪೆನ್ನಿ. ಮುಖದ ಅಚ್ಚು ಎರಡು ಸಲ ಬಿದ್ದಿದೆ. ಅಪರೂಪದ ತಪ್ಪು! ಐದು ಸಾವಿರದಿಂದ ಶುರು.”

ಐದು ಹತ್ತಾಯಿತು, ಹತ್ತು ಮೂವತ್ತಾಯಿತು. ಮುಂದಿನ ಸಾಲಿನಲ್ಲಿ ಇಬ್ಬರು ಹಟಕ್ಕೆ ಬಿದ್ದರು. ತೊಂಬತ್ತು ಸಾವಿರಕ್ಕೆ ಸುತ್ತಿಗೆ ಬಿತ್ತು. ಭೂತಗನ್ನಡಿಯವರು ಮನಸ್ಸಿನಲ್ಲೇ ಭಾಗಿಸಿ ನೋಡಿದರು: ಆರು ಹೊಲಿಗೆ ಮೆಷಿನ್ನು. ಹೆಂಡತಿಯ ಕಡೆ ತಿರುಗಿದರು.

“ಏ… ಅಂಥದ್ದೇ ಒಂದು ನಮ್ಮನೇಲೂ ಇತ್ತಲ್ಲೇ! ಎಲ್ಲಿಟ್ಟೆ ಅದನ್ನ?”

“ಇಲ್ಲಿಗೇ ತಂದಿದ್ದೆ, ಪರದೆ ಹೊಲಿಯೋವಾಗ” ಎಂದಳು ಹೆಂಡತಿ ಶಾಂತವಾಗಿ. “ಇದೇ ಹಾಲ್‌ನಲ್ಲಿದೆ.”

ಮುಂದಿನ ಮಾತು ಕೇಳಲು ಅವರು ಅಲ್ಲಿರಲಿಲ್ಲ. ಗೋಡೆಯ ಪಕ್ಕ ಮಂಡಿಯೂರಿ, ಮೊದಲನೆಯ ಪರದೆಯ ಮಡಿಕೆ ಹಿಸುಕುತ್ತಿದ್ದರು. ಒಂದು ನಾಣ್ಯ ಸಿಕ್ಕಿತು. ಬಟ್ಟೆಯ ಮೇಲಿಂದಲೇ ಮೂಗು ಎಣಿಸಲು ನೋಡಿದರು, ಆಗಲಿಲ್ಲ. ಎರಡನೆಯ ಪರದೆ, ಮೂರನೆಯದು. ನಾಲ್ಕನೆಯದಕ್ಕೆ ಹಲ್ಲು ಹಾಕಿ ದಾರ ಕಚ್ಚುವಾಗ ಇಡೀ ಸಭೆ ತಿರುಗಿ ನೋಡುತ್ತಿತ್ತು.

“ಹಿಂದಿರೋ ಯಜಮಾನರಿಗೆ ವಿನಂತಿ” ಎಂದ ಹರಾಜುದಾರ. “ಪರದೆಗಳು ಹರಾಜಿಗಿಲ್ಲ.”

ಸಭೆ ಗೊಳ್ಳೆಂದಿತು. ಭೂತಗನ್ನಡಿಯವರು ಬಾಯಲ್ಲಿ ದಾರವಿಟ್ಟುಕೊಂಡೇ ಎದ್ದು ನಿಂತರು. ಆಗ ಗುಮಾಸ್ತ ಕೂಗಿದ. “ನಲವತ್ತೊಂದನೇ ಮಾಲಿನ ಮಾಲೀಕರು ಬಂದು ಸಹಿ ಹಾಕ್ಬೇಕು!”

ಕೊನೆಯ ಸಾಲಿನಿಂದ ಹೆಂಡತಿ ಬಟ್ಟೆಚೀಲ ಹೆಗಲಿಗೇರಿಸಿ ಎದ್ದರು. (ಇನ್ನು ಮುಂದೆ ಆಕೆಯನ್ನು ಬಹುವಚನದಲ್ಲಿ ಕರೆಯುವುದೇ ಕ್ಷೇಮ.) ಬೆಲೆ ಕಟ್ಟುವ ಮುದುಕರು ಕೈಮುಗಿದು ದಾರಿಬಿಟ್ಟರು. ಪರದೆ ಹೊಲಿಯುವಾಗ ಡಬ್ಬಿಯಲ್ಲಿ ಆ ಪೆನ್ನಿಯನ್ನು ಕಂಡು, “ಅಮ್ಮಾ, ದಯವಿಟ್ಟು ಇದನ್ನ ಹೊಲೀಬೇಡಿ” ಎಂದು ಬೇಡಿಕೊಂಡವರು ಅವರೇ.

“ನಂಗೆ ಒಂದು ಮಾತು ಹೇಳ್ಬಾರ್ದಿತ್ತೇನೇ?” ಎಂದರು ಭೂತಗನ್ನಡಿಯವರು ದಾರಿಯಲ್ಲಿ, ಅಳುವುದೊಂದು ಬಾಕಿ.

“ಹೇಳೋಕೆ ಬಂದೆ. ತಿರಸ್ಕೃತ ಮಾಲಿನ ಮಾತು ಬೇಡ ಅಂದ್ರಿ.”

ಮನೆಗೆ ಬಂದವರೇ ಅವರು ಕರಾರುಪತ್ರ ತೆಗೆದು, ಕಿಟಕಿಯ ಬೆಳಕಿನಲ್ಲಿ, ತಮ್ಮ ಅರ್ಧ ಮೇಜಿಗೆ ಮೊಣಕೈ ಊರಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿದರು. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಪತ್ರ ಅಸಿಂಧು ಎಂದು ವಾದಿಸಬಹುದಿತ್ತು. ಇಪ್ಪತ್ತೆಂಟು ವರ್ಷ ತಪ್ಪು ಕಂಡರೆ ಸಿಡಿಯುತ್ತಿದ್ದವರು ಇವತ್ತು ತಪ್ಪೊಂದು ಸಿಗಲೆಂದು ಹಂಬಲಿಸಿದರು. ಮೂರು ಸಲ ಓದಿದರು. ಅಲ್ಪವಿರಾಮ ಕೂಡ ಇದ್ದಲ್ಲೇ ಇತ್ತು.

“ಎಷ್ಟು ಚೆನ್ನಾಗಿ ಬರ್ದಿದೀರ್ರೀ, ಒಂದೂ ತಪ್ಪಿಲ್ಲ” ಎಂದರು ಹೆಂಡತಿ, ಒದ್ದೆ ಬಟ್ಟೆಯಿಂದ ಮೇಜಿನ ಮೇಲಿನ ಸೀಮೆಸುಣ್ಣದ ಗೆರೆ ಒರೆಸುತ್ತ. “ಸ್ವಲ್ಪ ಕೈ ಎತ್ತಿ. ಅಲ್ಲೂ ಒರೆಸ್ಬೇಕು.”