ಡಾಕ್ಟರ ಕಾರು ಮತ್ತು ನಾನೆಂಬ ಮೆಕ್ಯಾನಿಕ್

ನಾಲ್ಕು ವೀಡಿಯೊ ನೋಡಿದ ಮೇಲೆ ನನಗೆ ಕಾರು ರಿಪೇರಿ ಬರುತ್ತದೆಂಬುದು ಖಾತ್ರಿಯಾಯಿತು. ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದವನಿಗೆ ನಾಲ್ಕು ವೈರು ಜೋಡಿಸುವುದು ಯಾವ ಮಹಾ ವಿದ್ಯೆ! ನಿವೃತ್ತನಾದ ತಿಂಗಳಲ್ಲೇ, ಬಣಕಲ್‌ನ ಹಳೆಯ ಡಾಕ್ಟರೊಬ್ಬರ ಕಪ್ಪು ಅಂಬಾಸಿಡರನ್ನು ಅವರ ಮಗಳಿಂದ ಪಡೆದು ನಮ್ಮ ಶೆಡ್ಡಿಗೆ ಎಳೆಸಿ ತಂದೆ. ಡಾಕ್ಟರು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅಂದಿನಿಂದ ಕಾರನ್ನು ಯಾರೂ ಮುಟ್ಟಿರಲಿಲ್ಲ.

ಒಳಗೆ ಇನ್ನೂ ಔಷಧಿಯ ವಾಸನೆ ಇದೆ ಎಂದು ನನ್ನ ಹೆಂಡತಿ ಸರಳಾ ದೂರ ನಿಂತಳು. ಅದು ಇಲಿಯ ವಾಸನೆ ಎಂದು ನಾನು ಅಧಿಕೃತವಾಗಿ ಪ್ರಕಟಿಸಿದೆ.

ಎಂಟು ತಿಂಗಳ ಸತತ ಪರಿಶ್ರಮದಿಂದ ಎಂಜಿನ್ ಕೆಮ್ಮತೊಡಗಿತು. ವೈರಿಂಗ್ ಮಾತ್ರ ಕೊಂಚ ಸ್ವತಂತ್ರ ಮನೋಭಾವದ್ದಾಗಿತ್ತು. ಬ್ರೇಕ್ ಒತ್ತಿದರೆ ವೈಪರ್ ಆಡುತ್ತಿತ್ತು. ಒಂದು ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕುಳಿತಿದ್ದಾಗ ಶೆಡ್ಡಿನಲ್ಲಿ ಹಾರ್ನ್ ಮೂರು ಸಲ ಕೂಗಿತು. ಹೋಗಿ ನೋಡಿದರೆ ಯಾರೂ ಇಲ್ಲ. ಕಾರಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಸರಳಾ ಬಾನೆಟ್ಟಿಗೆ ಕುಂಕುಮವಿಟ್ಟಳು. ವಿಜ್ಞಾನದಲ್ಲಿ ನಂಬಿಕೆಯುಳ್ಳ ನಾನು ಬೇಡ ಎನ್ನಲಿಲ್ಲ.

ಮೊದಲ ಸವಾರಿ ಕೊಟ್ಟಿಗೆಹಾರಕ್ಕೆ. ಸರಳಾ ಹಿಂದಿನ ಸೀಟಿನಲ್ಲಿ ಕುಳಿತಳು. ಹೋಗುವುದೇನೋ ಹೋದೆವು. ವಾಪಸು ಬರುವಾಗ, ಹಗಲು ಹನ್ನೊಂದಕ್ಕೇ ಮಂಜು ದಟ್ಟವಾಗಿ ಇಳಿದು ರಸ್ತೆಯೇ ಕಾಣದಾಯಿತು. ಇಳಿಜಾರಿನ ತಿರುವೊಂದರಲ್ಲಿ ಒಂದು ಗೇಟಿನ ಮುಂದೆ ಎಂಜಿನ್ ತಾನಾಗಿಯೇ ನಿಂತಿತು. ಹಾರ್ನ್ ಮೂರು ಸಲ ಕೂಗಿತು. ನಾನು ಮುಟ್ಟಿರಲಿಲ್ಲ.

ಮಂಜಿನೊಳಗಿಂದ ಕಂಬಳಿ ಹೊದ್ದ ಮುದುಕರೊಬ್ಬರು ಬಂದು ಎಡಗಡೆಯ ಕಿಟಕಿಗೆ ಬಗ್ಗಿದರು. ನನ್ನತ್ತ ನೋಡಲೇ ಇಲ್ಲ.

"ಬಂದ್ರಾ ಡಾಕ್ಟ್ರೇ? ಬೆಳಿಗ್ಗೆಯಿಂದ ಇವಳಿಗೆ ಉಸಿರೇ ಸಿಕ್ತಿಲ್ಲ."

ಇವರೇ ಬದುಕಿದ್ದಾರೋ ಇಲ್ಲವೋ ಎಂಬ ಅನುಮಾನ ನನಗೆ! ಸರಳಾಗೆ ಗುರುತು ಸಿಕ್ಕಿತು. ಅವರು ಹಾಲಪ್ಪಗೌಡರು, ಡಾಕ್ಟರ ಹಳೆಯ ಪರಿಚಯದವರು. ಮೂರು ಹಾರ್ನ್ ಹೊಡೆದೇ ಡಾಕ್ಟರು ಆ ಮನೆಗೆ ಬರುತ್ತಿದ್ದರಂತೆ. ಒಳಗೆ ಹೋಗಿ ನೋಡಿದರೆ ಅವರ ಹೆಂಡತಿ ದೇವೀರಮ್ಮನವರ ತುಟಿ ನೀಲಿಗಟ್ಟಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಇದ್ದದ್ದು ನನ್ನ ಕಾರೊಂದೇ. ಅದೂ ಕೆಟ್ಟು ನಿಂತಿದೆ.

ಅಜ್ಜಿಯನ್ನು ಹಿಂದೆ ಮಲಗಿಸಿ, ಗೌಡರೂ ಸರಳಾಳೂ ತಳ್ಳಿದರು. ಇಳಿಜಾರಿನಲ್ಲಿ ಎಂಜಿನ್ ಹೊತ್ತಿಕೊಂಡಿತು, ಇಬ್ಬರೂ ಓಡಿ ಬಂದು ಹಿಂದೆಯೇ ಅಜ್ಜಿಯ ಪಕ್ಕ ಹತ್ತಿದರು. ಆಗ ಶುರುವಾದ ಹಾರ್ನ್ ನಿಲ್ಲಲೇ ಇಲ್ಲ. ಎರಡನೇ ಗೇರು ಬೀಳಲಿಲ್ಲ. ಒಂದೇ ಗೇರಿನಲ್ಲಿ ಅರಚುತ್ತ ಇಳಿಯುವ ಕಪ್ಪು ಕಾರಿಗೆ ಮಂಜಿನಲ್ಲಿ ಬಸ್ಸುಗಳೇ ದಾರಿ ಬಿಟ್ಟವು. ಬಣಕಲ್‌ನ ಆಸ್ಪತ್ರೆಯಲ್ಲಿ ಸಮಯಕ್ಕೆ ಸರಿಯಾಗಿ ಕರೆತಂದಿರಿ ಎಂದರು.

ಹದಿನೈದು ದಿನ ಬಿಟ್ಟು, ಮೆಚ್ಚುಗೆ ಸ್ವೀಕರಿಸುವ ಸದುದ್ದೇಶದಿಂದ ಅವರ ಮನೆಗೆ ಹೋದೆವು. ದೇವೀರಮ್ಮ ಜಗಲಿಯಲ್ಲಿ ಎದ್ದು ಕುಳಿತಿದ್ದರು.

"ನಮ್ಮ ಡಾಕ್ಟ್ರೇ ಬಂದಿದ್ರು. ಮುಂದೆ ಎಡಗಡೆ ಕೂತ್ಕೊಂಡು, ದಾರಿಯುದ್ದಕ್ಕೂ ಹಿಂದೆ ತಿರುಗಿ ನನ್ನ ಮುಖಾನೇ ನೋಡ್ತಿದ್ರು" ಎಂದರು.

ಸರಳಾ ಮೆಲ್ಲನೆ ನನ್ನ ತೋಳು ಹಿಡಿದುಕೊಂಡಳು. ಆ ಎಡಗಡೆಯ ಸೀಟನ್ನು ನಾನು ಹೊಲಿಸಲು ಕೊಟ್ಟಿದ್ದೆ. ಅಂದು ಅಲ್ಲಿ ಇದ್ದದ್ದು ಬರೀ ಕಬ್ಬಿಣದ ಪಟ್ಟಿ.

ಗಂಟಲು ಸರಿಮಾಡಿಕೊಂಡು, ಕಾರು ಓಡಿಸಿದ್ದು ನಾನು ಎಂದು ವಿನಯದಿಂದ ನಿವೇದಿಸಿಕೊಂಡೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆ ಡ್ರೈವರ್ ನೀನೇನಾ ಮಾರಾಯ? ಇವನನ್ನ ಬಿಡಿಸಿ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ ಅಂತ ಅವತ್ತೇ ಡಾಕ್ಟ್ರಿಗೆ ಹೇಳಿದೀನಿ."

ಮರುದಿನವೇ ಮೂಡಿಗೆರೆಯ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಡಾಕ್ಟರು ಒಪ್ಪಿಬಿಟ್ಟಿದ್ದರೆ!