ಐದೂವರೆ ಅಡಿ ಬಾಗಿಲು

ಆ ಭಾನುವಾರ ಬೆಳಿಗ್ಗೆ ಹಯವದನ ಅಳತೆ ಟೇಪು ಹಿಡಿದು ಬೀದಿಗೆ ಬರಬಾರದಿತ್ತು. ಬಂದ. ಮೈಸೂರಿನ ನಾದಿನಿ ಲೀಲಾ, ತನ್ನ ಅಕ್ಕನ ಮನೆಗೆಂದು ಮಣಿತೋರಣ ಹೆಣೆಯಲು ಕೂತಿದ್ದಳು. ಬಾಗಿಲ ಅಗಲ ಬೇಕಾಗಿತ್ತು.

"ರೀ, ಅಂದಾಜಲ್ಲಿ ಹೇಳ್ಬೇಡಿ. ಹೋದ್ಸಲ ನಿಮ್ಮ ಅಂದಾಜು ನಂಬಿ ಕಿಟಕಿ ಪರದೆ ಅರ್ಧಕ್ಕೇ ನಿಂತ್ಹೋಯ್ತು," ಎಂದಿದ್ದಳು ಹೆಂಡತಿ ಇಂದುಮತಿ.

ಭವಾನೀಪುರದ ಆ ಬಂಗಾಳಿ ಗಲ್ಲಿಯಲ್ಲಿ ಎಲ್ಲವೂ ಮುತ್ತಜ್ಜಂದಿರ ಕಾಲದ ಮನೆಗಳು. ಪಟ್ಟಿಪಟ್ಟಿಯ ಹಸಿರು ಕಿಟಕಿ, ಕೆಂಪು ಗಾರೆ ನೆಲ, ಬೀದಿಗೆ ಚಾಚಿದ ಜಗಲಿ. ಹಯವದನ ಬಾಡಿಗೆಗಿದ್ದ ಮನೆಗೆ ಎರಡಾಳೆತ್ತರದ ತೇಗದ ಬಾಗಿಲು. ಆನೆಯೇ ನುಗ್ಗಬಹುದಿತ್ತು; ನುಗ್ಗುತ್ತಿದ್ದುದು ಮಾತ್ರ ಸೊಳ್ಳೆ. ಆದರೂ ಅವನಿಗೆ ಆ ಬಾಗಿಲೆಂದರೆ ಪ್ರಾಣ. ಅಲಿಪುರದ ಕಚೇರಿಯಿಂದ ಬಂದವನು ಅದನ್ನೊಮ್ಮೆ ಸವರಿಯೇ ಒಳಗೆ ಹೋಗುತ್ತಿದ್ದ.

"ಐದೂವರೆ ಅಡಿ ಕಣೇ!" ಎಂದು ಕೂಗಿದ.

ಎದುರು ಮನೆಯ ಜಗಲಿಯಲ್ಲಿ ಹರಟುತ್ತಿದ್ದ ತಪನ್‌ದಾ ಚಹಾ ಕುಡಿಯುವುದನ್ನು ನಿಲ್ಲಿಸಿದ.

ಕಾಲವೇ ಹಾಗಿತ್ತು. ಸಾಲ್ಟ್ ಲೇಕಿನಲ್ಲಿ ಐಟಿ ಕಂಪನಿಗಳು ಎದ್ದಮೇಲೆ ಊರಿಗೆಲ್ಲ ಫ್ಲ್ಯಾಟಿನ ಹುಚ್ಚು. ಹಿಂದಿನ ಬೀದಿಗೆ ಟೇಪು ಹಿಡಿದವನೊಬ್ಬ ಬಂದು ಹೋದ. ಮಳೆಗಾಲ ಮುಗಿಯುವಷ್ಟರಲ್ಲಿ ಮನೆ ಇದ್ದಲ್ಲಿ ಗುಂಡಿ ಇತ್ತು. ಅಂದಿನಿಂದ ಟೇಪು ಹಿಡಿದವನೆಲ್ಲ ಬಿಲ್ಡರನ ಕಡೆಯವನೇ.

"ಹೊಯೊಬೊದೊನ್ ಬಾಬು, ಏನು ಅಳೀತಿದ್ದೀರಿ?" ಎಂದ, ಹಯವದನನ ಹೆಸರನ್ನು ಬಂಗಾಳಿ ಬಾಯಲ್ಲಿ ಉರುಳಿಸಿ.

"ತೋರಣಕ್ಕೆ ದಾದಾ. ಬಾಗಿಲಿಗೆ ಕಟ್ಟೋ ಮಣಿ ಹಾರ," ಎಂದ ಹಯವದನ ತನ್ನ ಹರಕು ಬಂಗಾಳಿಯಲ್ಲಿ.

"ಹಾರವೆ?" ತಪನ್‌ದಾ ಕಣ್ಣು ಕಿರಿದು ಮಾಡಿದ. "ನಾವು ಹಾರ ಹಾಕೋದು ಸತ್ತವರ ಫೋಟೋಕ್ಕೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಧ್ಯಾಹ್ನ ಇಂದುಮತಿ ಬದನೆಕಾಯಿ ತರಲು ಹೋದರೆ ಅಂಗಡಿಯವನು, "ಬೌದಿ, ಎಷ್ಟು ಅಂತಸ್ತು ಕಟ್ತೀರಿ?" ಎಂದು ಅತ್ತಿಗೆಯನ್ನು ಕೇಳುವ ಸಲಿಗೆಯಲ್ಲಿ ಕೇಳಿದ. ಅವಳು ಬರಿಗೈಯಲ್ಲಿ ಬಂದು ಗಂಡನನ್ನೇ ಓರೆಗಣ್ಣಿನಿಂದ ನೋಡಿದಳು. "ನಿಜ ಹೇಳಿ. ಯಾರ ಹತ್ರಾನೂ ಏನೂ ಒಪ್ಕೊಂಡಿಲ್ಲ ತಾನೆ?"

ಸಂಜೆ ಮಾಲೀಕ ಶಶಾಂಕ ಬಾಬು ಮಹಡಿಯಿಂದ ಇಳಿದು ಬಂದ. ಹಿಂದೆ ಇಡೀ ಗಲ್ಲಿ. "ಬಿಲ್ಡರನ ಬೇಹುಗಾರನಿಗೆ ನನ್ನ ಮನೇಲಿ ಜಾಗ ಇಲ್ಲ. ಖಾಲಿ ಮಾಡಿ!"

ಹಯವದನನ ಮಗಳು ಚಿನ್ಮಯಿಗೆ ಹತ್ತನೆಯ ತರಗತಿ ಪರೀಕ್ಷೆ ಹತ್ತಿರ. ಈ ಬಾಡಿಗೆಗೆ ಊರಾಚೆಯ ಬೆಹಾಲಾದಲ್ಲಿ ಬಚ್ಚಲೂ ಸಿಗದು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ನಾನು ಈ ಮನೆ ಕೆಡವಿಸ್ತೀನಾ? ಈ ಬಾಗಿಲು ನೋಡಿ! ನಿಮ್ಮ ಮುತ್ತಜ್ಜ ಬರ್ಮಾದಿಂದ ಹಡಗಲ್ಲಿ ತರಿಸಿದ ತೇಗ. ಇವತ್ತಿಗೂ ಒಂದು ಹುಳ ಮುಟ್ಟಿಲ್ಲ. ಈ ಹಿತ್ತಾಳೆ ಸಿಂಹಗಳು, ಈ ಕೆತ್ತನೆ! ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಸಾಹೇಬರು ಲಕ್ಷ ಲಕ್ಷ ಸುರಿದರೂ ಇಂಥದ್ದು ಸಿಕ್ಕೀತೆ?"

ಶಶಾಂಕ ಬಾಬು ಮೊದಲ ಸಲ ನೋಡುವವನಂತೆ ಬಾಗಿಲನ್ನು ನೋಡಿದ, ಕಣ್ಣೊರೆಸಿಕೊಂಡ, ಹಯವದನನನ್ನು ಅಪ್ಪಿಕೊಂಡ. "ಕ್ಷಮಿಸಿ. ಇರೋವರೆಗೂ ಇಲ್ಲೇ ಇರಿ." ತಪನ್‌ದಾ ಸಂದೇಶ್ ತರಿಸಿ ಎಲ್ಲರ ಬಾಯಿ ಸಿಹಿ ಮಾಡಿದ. ಗಂಡ ಹೆಂಡತಿ ಅಂದು ನೆಮ್ಮದಿಯಾಗಿ ಮಲಗಿದರು.

ಮರುವಾರದ ಬುಧವಾರ ಕಚೇರಿಯಿಂದ ಬಂದ ಹಯವದನ ಬಾಗಿಲು ಸವರಲು ಕೈ ಚಾಚಿದ. ಬಾಗಿಲೇ ಇರಲಿಲ್ಲ. ಚೌಕಟ್ಟಿನ ಸಮೇತ ಮಾಯವಾಗಿ, ಅಲ್ಲಿ ಹಸಿ ಗಾರೆಯ ಇಟ್ಟಿಗೆ ಗೋಡೆಯ ನಡುವೆ ಮೂರಡಿಯ ಪ್ಲೈವುಡ್ ಬಾಗಿಲು ನಿಂತಿತ್ತು.

"ನೀವು ಹೇಳದೆ ಇದ್ದಿದ್ರೆ ನನಗೆ ಅದರ ಬೆಲೆ ಗೊತ್ತೇ ಆಗ್ತಿರಲಿಲ್ಲ!" ಮಹಡಿಯಿಂದ ಶಶಾಂಕ ಬಾಬು ಕೈ ಮುಗಿದ. "ಕೊಂಡ ಸಾಲ್ಟ್ ಲೇಕಿನವರು ಅದನ್ನ ಊಟದ ಮೇಜು ಮಾಡ್ಕೊಳ್ತಾರಂತೆ. ಮನೆಗೇನೂ ಭಯ ಇಲ್ಲ, ನೀವು ಆರಾಮಾಗಿರಿ."

ಒಳಗೆ ಇಂದುಮತಿ ಪಾರ್ಸೆಲ್ ಬಿಚ್ಚಿ ಕೂತಿದ್ದಳು. ತೋರಣ ಬಂದಿತ್ತು. ಐದೂವರೆ ಅಡಿ, ಒಂದು ಮಣಿ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಅಷ್ಟರಲ್ಲಿ ಎದುರು ಜಗಲಿಯಿಂದ ತಪನ್‌ದಾನ ದನಿ ಬಂತು, ಬೆಲ್ಲಕ್ಕಿಂತ ಸಿಹಿಯಾಗಿ.

"ಹೊಯೊಬೊದೊನ್ ಬಾಬು, ನಿಮ್ಮ ಟೇಪು ತಂದು ನಮ್ಮ ಬಾಗಿಲನ್ನೂ ಸ್ವಲ್ಪ ಅಳೆದು ಹೋಗ್ತೀರಾ?"