ಭಾವನ ಲಿನಕ್ಸ್ ವಲಸೆಗಳು

ನಮ್ಮ ಭಾವ ಏಕಪತ್ನೀವ್ರತಸ್ಥರು, ಅದರಲ್ಲಿ ಎರಡು ಮಾತಿಲ್ಲ. ಅವರ ಚಪಲವೆಲ್ಲ ಕಂಪ್ಯೂಟರಿನ ಮೇಲೆ! ದಿಲ್ಲಿಯ ಬಾಡಿಗೆದಾರರು ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸಿದರೆ, ಈ ಮಹಾನುಭಾವರು ಪೀತಮ್‌ಪುರದ ಸ್ವಂತ ಫ್ಲ್ಯಾಟಿನಲ್ಲಿ ಕೂತಲ್ಲೇ ಅದಕ್ಕಿಂತ ಬೇಗ ಆಪರೇಟಿಂಗ್ ಸಿಸ್ಟಮ್ ಬದಲಿಸುತ್ತಾರೆ.

ಕಂಪ್ಯೂಟರ್ ನಡೆಸಲು ಲಿನಕ್ಸ್ ಅಂತೊಂದಿದೆ. ಪುಕ್ಕಟೆ ಸಿಗುತ್ತದೆ, ಬಗೆಬಗೆಯಾಗಿ ಸಿಗುತ್ತದೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಾತಿ ನಮ್ಮ ಭಾವನದು. ಮೊದಲು ಉಬುಂಟು ಅನ್ನುವ ಬಗೆಯದನ್ನು ಹಾಕಿದರು. ಸ್ವರ್ಗಕ್ಕೆ ಮೂರೇ ಗೇಣು! ಅಷ್ಟರಲ್ಲಿ ಮಾನೇಸರ್ ಫ್ಯಾಕ್ಟರಿಯ ಸಹೋದ್ಯೋಗಿಯೊಬ್ಬ, "ಅದು ಕಲಿಯೋ ಮಕ್ಕಳಿಗೆ, ಸಾರ್" ಅಂದುಬಿಟ್ಟ. ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಫೆಡೋರಾಕ್ಕೆ ಹಾರಿದರು. ಹಾರುವ ಗಡಿಬಿಡಿಯಲ್ಲಿ ಮಗಳ ಮದುವೆಯ ಫೋಟೋಗಳೆಲ್ಲ ಅಳಿಸಿಹೋದವು.

"ಬ್ಯಾಕಪ್ ಇಟ್ಟಿರ್ಲಿಲ್ವಾ ಭಾವ?" ಅಂದೆ.

"ಇಟ್ಟಿದ್ದೆ ಕಣಯ್ಯಾ, ಜೋಪಾನವಾಗಿ. ಅದೇ ಕಂಪ್ಯೂಟರಲ್ಲಿ!"

ಇಂಥ ಬುದ್ಧಿವಂತರಿಗೆ ಸುಲಭದ್ದು ಹಿಡಿಸುತ್ತದೆಯೇ? ಮುಂದೆ ಆರ್ಚ್ ಬಂತು. ಅದರಲ್ಲಿ ಎಲ್ಲವನ್ನೂ ನಾವೇ ಜೋಡಿಸಿಕೊಳ್ಳಬೇಕಂತೆ. ರಜೆ ಹಾಕಿ ಜೋಡಿಸಿ ನನ್ನನ್ನು ಕರೆದು ತೋರಿಸಿದರು. ಕಪ್ಪು ಪರದೆ, ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೀಟು.

"ಏನೂ ಕಾಣ್ತಿಲ್ವಲ್ಲ?"

"ಅಚ್ಛಾ, ಬೇಡದ್ದು ಒಂದೂ ಇಲ್ಲ ನೋಡು!" ಅಂದರು ಹೆಮ್ಮೆಯಿಂದ.

ಈ ವೈಭವವನ್ನೆಲ್ಲ ಅನುಭವಿಸಬೇಕಾದವಳು ಅಕ್ಕ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಭಾನುವಾರ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾಳೆ. "ಆಂಟೀ, ಆಪ್‌ಕೀ ಆವಾಜ್ ನಹೀ ಆ ರಹೀ, ಕೇಳ್ತಾ ಇಲ್ಲ!" ಎಂದು ಮಕ್ಕಳು ಕೂಗುತ್ತವೆ.

"ರೀ! ನಿನ್ನೆ ಇಲ್ಲಿದ್ದ ಬಟನ್ ಎಲ್ರೀ?"

"ನಿನ್ನೆ ರಾತ್ರಿ ಹೊಸದು ಹಾಕಿದೆ. ಮೈಕಿಗಿನ್ನೂ ಪರಿಚಯ ಆಗಿಲ್ಲ."

ಕಳೆದ ಚಳಿಗಾಲದಲ್ಲಿ ಅಕ್ಕನ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. "ಕ್ಲಾಸು ನಿಲ್ಲಿಸ್ಬಿಡ್ತೀನಿ ಕಣೋ" ಅಂದಳು ನನ್ನ ಹತ್ತಿರ. ಮಗಳು ದೂರ ಹೋದಮೇಲೆ ಅವಳ ವಾರವೆಲ್ಲ ಆ ಒಂದು ಬೆಳಗ್ಗೆಗಾಗಿಯೇ ಇತ್ತು.

ಭಾವ ಡೆಬಿಯನ್ ಹಾಕಿದರು. ಅದು ಸುಲಭಕ್ಕೆ ಬದಲಾಗದ ಹಳೇ ಜಾತಿಯ ಲಿನಕ್ಸ್. ಅಕ್ಷರ ದೊಡ್ಡದು ಮಾಡಿದರು, ಪರದೆ ತಾನೇ ಓದಿ ಹೇಳುವಂತೆ ಮಾಡಿದರು. ಆಮೇಲೆ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಕೀಲಿಮಣೆಯ ಒಂದೊಂದೇ ಗುಂಡಿ ತಡಕುತ್ತ, ಅಕ್ಕ ಕ್ಲಾಸು ಶುರುಮಾಡುವ ಹಾಗೆ ತಾವೇ ಮಾಡಿ ನೋಡಿದರು. ತಪ್ಪಿದಾಗ ಮತ್ತೆ ಮೊದಲಿಂದ.

ಮೊನ್ನೆ ಭಾನುವಾರ ಹೋಗಿದ್ದೆ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ? "ಹೊಸ ವರ್ಷನ್ ಬಂದಿದೆಯಂತೆ ಭಾವ. ಕೈ ಕಡೀತಿಲ್ವಾ?" ಎಂದು ಕೆಣಕಿದೆ.

ಕೋಣೆಯೊಳಗೆ ಅಕ್ಕ ಹೇಳಿಕೊಡುತ್ತಿದ್ದಳು, ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದವು. ಭಾವ ಅತ್ತ ಕಡೆ ಕಿವಿ ಕೊಟ್ಟೇ ಮೆಲ್ಲಗೆ ಅಂದರು:

"ಬೇಡಪ್ಪ. ಅವಳು ಕೈ ಇಟ್ಟ ಕಡೆ ಬಟನ್ ಇರ್ಬೇಕು."